ಡಿಸೆಂಬರ್‌ನಲ್ಲಿ ನೋಡಿದ ಜಾಗವನ್ನು ಜುಲೈಯಲ್ಲೂ ಒಮ್ಮೆ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಗೋಕರ್ಣದ ಕಡೆ ಜಾಗ, ಮನೆ, ನೆರೆಹೊರೆ

ಈ ಸಲ ಗೋಕರ್ಣ ಸೀಮೆಯ ಪ್ರಶ್ನೆಗಳೇ ಜಾಸ್ತಿ ಬಂದಿವೆ. ಅರ್ಧ ಜನ ಕೊಳ್ಳುವವರು, ಅರ್ಧ ಜನ ಊರಿನವರು. ನಡುವೆ ಒಂದಿಬ್ಬರು ದಲ್ಲಾಳಿಗಳೂ ಇದ್ದಾರೆ. ಓದುಗ ಅಂತ ಬರೆದುಕೊಂಡರೂ ಅವರ ಪ್ರಶ್ನೆ ಕೇಳುವ ಧಾಟಿಯಲ್ಲೇ ಗೊತ್ತಾಗುತ್ತದೆ ಬಿಡಿ. ನಾನು ಮೂವತ್ತು ವರ್ಷ ಕುಮಟಾದಲ್ಲಿ ಕೂತು ಕ್ರಯಪತ್ರ, ಗೇಣಿ ಕರಾರು, ಪಾಲುಪತ್ರ ಬರೆದವನು. ವಕೀಲನಲ್ಲ. ಹಾಗಾಗಿ ನನ್ನ ಮಾತು ಕೇಳಿ, ಆಮೇಲೆ ಕಾಗದ ಹಿಡಿದುಕೊಂಡು ಒಬ್ಬ ಒಳ್ಳೆಯ ವಕೀಲರ ಹತ್ತಿರವೂ ಹೋಗಿ.

ಪ್ರಶ್ನೆ: ನಾವಿಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಡಿಸೆಂಬರ್ ರಜೆಗೆ ಗೋಕರ್ಣಕ್ಕೆ ಹೋಗಿದ್ದಾಗ ಒಬ್ಬರು ಎಂಟು ಗುಂಟೆ ಜಾಗ ತೋರಿಸಿದರು. ಕಡಲಿಗೆ 120 ಮೀಟರ್. ಈಗ ಹೊಸ ಕಾನೂನು ಬಂದಿದೆ, 50 ಮೀಟರ್ ಬಿಟ್ಟರೆ ಸಾಕು, ಪಂಚಾಯ್ತಿ ಪರವಾನಗಿ ನಾವೇ ಮಾಡಿಸಿಕೊಡುತ್ತೇವೆ ಅನ್ನುತ್ತಿದ್ದಾರೆ. ನಾವು ರೈತರಲ್ಲ. ತಗೋಬಹುದಾ ಸಾರ್?

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಆ 120 ಮೀಟರನ್ನು ಎಲ್ಲಿಂದ ಅಳೆದರು?

ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಬೆಳಿಗ್ಗೆ ಇಳಿತದ ಹೊತ್ತಿಗೆ ಗಿರಾಕಿಯನ್ನು ಕರೆದುಕೊಂಡು ಬರುತ್ತಾರೆ. ನೀರು ಎಲ್ಲೋ ದೂರದಲ್ಲಿರುತ್ತದೆ. ಒದ್ದೆ ಮರಳಿನ ಅಂಚಿನಿಂದ ದೊಡ್ಡ ದೊಡ್ಡ ಹೆಜ್ಜೆ ಹಾಕಿ ಲೆಕ್ಕ ಮಾಡಿ, ನೋಡಿ ಸಾರ್ ನೂರಿಪ್ಪತ್ತು, ಅಂದುಬಿಡುತ್ತಾರೆ. ಕಾನೂನು ಅಳೆಯುವುದು ಅಲ್ಲಿಂದ ಅಲ್ಲ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ನೀರು ಮೇಲೆ ಎಲ್ಲಿಯವರೆಗೆ ಬರುತ್ತದೋ ಅದು ಭರತದ ಗೆರೆ, ಅಲ್ಲಿಂದ ಲೆಕ್ಕ. ಆ ಗೆರೆ ಸರ್ಕಾರದ ಕರಾವಳಿ ನಕ್ಷೆಯಲ್ಲಿ ಇರುತ್ತದೆ. ಅಂದಾಜು ನಿಮಗೇ ಬೇಕಿದ್ದರೆ ದಂಡೆಯಲ್ಲಿ ಸ್ವಲ್ಪ ಮೇಲಕ್ಕೆ ನಡೆಯಿರಿ. ಒಂದು ಕಡೆ ಗಾಳಿಮರದ ಕಾಯಿ, ಹರಿದ ಬಲೆಯ ಚೂರು, ಒಂಟಿ ಹವಾಯಿ ಚಪ್ಪಲಿ ಎಲ್ಲ ಸಾಲಾಗಿ ಬಿದ್ದಿರುತ್ತವೆ. ಕಡಲು ತಾನೇ ಎಳೆದ ಗೆರೆ ಅದು. ಅಲ್ಲಿಂದ ಟೇಪು ಹಿಡಿದರೆ ನಿಮ್ಮ 120 ಎಷ್ಟಾಗುತ್ತದೆ ನೋಡಿ. ಅದೂ ಡಿಸೆಂಬರ್‌ನ ಗೆರೆ, ಮಳೆಗಾಲದ್ದಲ್ಲ.

ಇನ್ನು ಆ 50 ಮೀಟರ್ ಕಥೆ. ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಅರ್ಧ ನಿಜವೇ ಜಾಸ್ತಿ ಅಪಾಯ. ಕರಾವಳಿ ನಿಯಂತ್ರಣ ವಲಯ, ಅಂದರೆ ಎಲ್ಲರೂ ಸಿಆರ್‌ಝಡ್ ಅನ್ನುವುದು, ಮೊದಲು ಬಂದದ್ದು 1991ರಲ್ಲಿ. ಆಮೇಲೆ 2011ರಲ್ಲಿ ಒಮ್ಮೆ, 2019ರ ಜನವರಿಯಲ್ಲಿ ಇನ್ನೊಮ್ಮೆ ಬದಲಾಯಿತು. 2019ರ ಅಧಿಸೂಚನೆ ಹಳ್ಳಿ ಕಡೆಯ ಕರಾವಳಿಯನ್ನು ಎರಡು ಭಾಗ ಮಾಡಿತು. 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಕಡೆ ಏನೂ ಕಟ್ಟಬಾರದ ಜಾಗ 50 ಮೀಟರಿಗೆ ಇಳಿಯಿತು. ಅಷ್ಟು ಜನ ಇಲ್ಲದ ಕಡೆ ಹಳೆಯ 200 ಮೀಟರ್ ಹಾಗೆಯೇ ಉಳಿಯಿತು. ದಲ್ಲಾಳಿ ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿದ್ದಾನೆ. ಆದ್ದರಿಂದ ನಿಮ್ಮ ಸರ್ವೆ ನಂಬರು ಯಾವ ವಿಭಾಗದಲ್ಲಿದೆ ಅಂತ ನಕ್ಷೆ ನೋಡಿ ತಿಳಿಯಬೇಕೇ ಹೊರತು ಚಹಾ ಅಂಗಡಿಯಲ್ಲಿ ಕೇಳಿ ಅಲ್ಲ.

200 ಮೀಟರ್ ವಿಭಾಗದಲ್ಲಿದ್ದರೆ ನೀವು ಅಲ್ಲಿ ತೆಂಗು ನೆಡಬಹುದು, ತರಕಾರಿ ಬೆಳೆಯಬಹುದು. ಹಳೆಯ ಅಧಿಕೃತ ಮನೆ ಇದ್ದರೆ ಅದೇ ಅಡಿಪಾಯದ ಮೇಲೆ ರಿಪೇರಿ ಮಾಡಬಹುದು. ಹೊಸ ಮನೆ ಮಾತ್ರ ಇಲ್ಲ. 200ರಿಂದ 500ರವರೆಗೆ ಮನೆಗೆ ಅವಕಾಶ ಇದೆ. ಆದರೆ ಅದು ಅಲ್ಲೇ ಇರುವ ಮೀನುಗಾರರ ಕೇರಿ, ಹಳ್ಳಿಯವರ ರೂಢಿಯ ಹಕ್ಕನ್ನು ಇಟ್ಟುಕೊಂಡು ಕೊಟ್ಟ ಅವಕಾಶ. ಒಂಬತ್ತು ಮೀಟರ್ ಎತ್ತರ, ಕೆಳಗೊಂದು ಮೇಲೊಂದು ಅಂತಸ್ತು, ಅಷ್ಟೇ. ಹೊರಗಿನವರ ವಾರಾಂತ್ಯದ ಬಂಗಲೆ ಆ ಮಾತಿನೊಳಗೆ ಸಲೀಸಾಗಿ ಕೂರುವುದಿಲ್ಲ. ಮತ್ತೆ ಪಂಚಾಯ್ತಿ ಪರವಾನಗಿ ಒಂದರಿಂದ ಇದು ಮುಗಿಯುವುದೂ ಇಲ್ಲ. ಸಿಆರ್‌ಝಡ್ ಒಪ್ಪಿಗೆ ಬೇರೆ, ಪಂಚಾಯ್ತಿ ಬೇರೆ. ಕೇರಳದ ಮರಡಿನಲ್ಲಿ ಏನಾಯಿತು ನೆನಪಿದೆಯಲ್ಲ? ನಾಲ್ಕು ದೊಡ್ಡ ಅಪಾರ್ಟ್‌ಮೆಂಟು, ಜನ ಒಳಗೆ ಸಂಸಾರ ಮಾಡಿಕೊಂಡಿದ್ದರು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಜನವರಿಯಲ್ಲಿ ಎರಡೇ ದಿನದಲ್ಲಿ ನೆಲಕ್ಕೆ ಕೆಡವಿದರು. ಆ ಕಟ್ಟಡಗಳಿಗೂ ಸ್ಥಳೀಯ ಸಂಸ್ಥೆಯ ಪರವಾನಗಿ ಇತ್ತು.

ರೈತರಲ್ಲ ಅನ್ನುವುದು ಈಗ ಅಷ್ಟು ದೊಡ್ಡ ಅಡ್ಡಿಯಲ್ಲ. 2020ರ ತಿದ್ದುಪಡಿಯಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಂಡ ಮಾತ್ರಕ್ಕೆ ಮನೆ ಕಟ್ಟುವ ಜಾಗ ಆಗುವುದಿಲ್ಲ, ಕೃಷಿಯೇತರ ಅಂತ ಪರಿವರ್ತನೆ, ಅಂದರೆ ಎನ್‌ಎ ಆಗಬೇಕು. ಆ ಜಾಗ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ, ಅಂದರೆ ಅಂಥ ಜಮೀನು ಪರರ ಪಾಲಾಗದಂತೆ ತಡೆಯುವ ಕಾಯ್ದೆ, ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡಿದ್ದರೆ ಎಷ್ಟು ವರ್ಷದ ಮೇಲಾದರೂ ವಾಪಸ್ ಹೋಗಬಹುದು. ಪಹಣಿ ತೆಗೆಸಿದಾಗ 11ನೇ ಕಾಲಮ್ಮಿಗೆ ಕಣ್ಣು ಹಾಕಿ, ಸಾಲ, ತಕರಾರು, ಷರತ್ತು ಎಲ್ಲ ಅಲ್ಲೇ ಅಡಗಿರುತ್ತವೆ. ನಮ್ಮ ಜಿಲ್ಲೆಯಲ್ಲಿ ಗೇಣಿದಾರರಿಗೆ ಬಂದ ಜಮೀನು ತುಂಬಾ ಇದೆ. 1974ರಲ್ಲಿ ಉಳುವವನೇ ಒಡೆಯ ಆದಾಗ ಅಜ್ಜನ ಹೆಸರಿಗೆ ಬಂದದ್ದು, ಅಜ್ಜ ತೀರಿಕೊಂಡು ಮೂವತ್ತು ವರ್ಷವಾದರೂ ಖಾತೆ ಹಾಗೆಯೇ ಇರುತ್ತದೆ. ಮಾರಲು ಬಂದವನು ಒಬ್ಬ ಮೊಮ್ಮಗ. ಉಳಿದ ಹನ್ನೊಂದು ಮಂದಿ ಮುಂಬೈ, ಹುಬ್ಬಳ್ಳಿ, ಕಾರವಾರ ಅಂತ ಹಂಚಿಹೋಗಿರುತ್ತಾರೆ. ವಂಶಾವಳಿ ಕೇಳಿ. ಅದರಲ್ಲಿ ಇರುವ ಪ್ರತಿ ಹೆಣ್ಣುಮಗಳ ಸಹಿಯನ್ನೂ ಕೇಳಿ.

ಇಷ್ಟೆಲ್ಲ ಸರಿಯಾದರೂ ಮುಂಗಡ ಕೊಡುವ ಮೊದಲು ಜುಲೈಯಲ್ಲಿ ಒಂದು ಸಲ, ಮೇಯಲ್ಲಿ ಒಂದು ಸಲ ಬನ್ನಿ. ಜುಲೈಯಲ್ಲಿ ಕಡಲು ಎಷ್ಟು ದಂಡೆ ತಿನ್ನುತ್ತದೆ, ಗುಡ್ಡದ ನೀರು ಯಾರ ಹಿತ್ತಲಿನಲ್ಲಿ ಹಾದು ಹೋಗುತ್ತದೆ ಕಾಣಿಸುತ್ತದೆ. ಮೇಯಲ್ಲಿ ಪಕ್ಕದ ಮನೆಯ ಬಾವಿಯಿಂದ ಒಂದು ಲೋಟ ನೀರು ಕೇಳಿ ಕುಡಿಯಿರಿ. ಉಪ್ಪಾಗಿದ್ದರೆ ಅವರು ಮುಖ ನೋಡಿಯೇ ನಗುತ್ತಾರೆ. ಕೊಳವೆಬಾವಿ ಹೊಡೆಸುತ್ತೇನೆ ಅನ್ನಬೇಡಿ. ಭರತದ ಗೆರೆಯಿಂದ 200 ಮೀಟರಿನೊಳಗೆ ಸಾದಾ ಬಾವಿಯಿಂದ ಕೈಯಲ್ಲಿ ಸೇದಿದ ನೀರಿಗೆ ಮಾತ್ರ ಅವಕಾಶ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೀತಿದ್ದೇನೆ. ಗೋಕರ್ಣದ ಹತ್ತಿರ ಗುಡ್ಡದ ಮೇಲೆ ಒಂದು ಎಕರೆ, ಕಡಲು ಕಾಣ್ತದ, ರೇಟೂ ಕಡಿಮಿ. ಅತಿಕ್ರಮಣ ಜಾಗ, ಆದ್ರ ಜಿಪಿಎಸ್ ಆಗೇದ, ಹಕ್ಕುಪತ್ರ ಇನ್ನೇನು ಬರ್ತದ ಅಂತಾರ. ಸ್ಟಾಂಪ್ ಪೇಪರಿನ ಮ್ಯಾಲೆ ಬರೆದು ಕೊಡ್ತಾರಂತ. ಏನ್ ಮಾಡ್ಲಿ?

ಕೈ ಕಟ್ಟಿಕೊಂಡು ಹುಬ್ಬಳ್ಳಿಯಲ್ಲೇ ಕೂತಿರಿ.

"ಜಿಪಿಎಸ್ ಆಗಿದೆ" ಅನ್ನುವುದು ನಮ್ಮ ಜಿಲ್ಲೆಯ ಒಂದು ಮಂತ್ರ. ಅದರ ಅರ್ಥ ಇಷ್ಟೇ: ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದಾರೆ, ಯಾರೋ ಬಂದು ಜಾಗದ ಅಳತೆ ಮಾಡಿಕೊಂಡು ಹೋಗಿದ್ದಾರೆ. ಹಕ್ಕು ಸಿಕ್ಕಿದೆ ಅಂತ ಅಲ್ಲ. ಆ 2006ರ ಕಾಯ್ದೆ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದರು ಅಂತ ತೋರಿಸಬೇಕು. ಅದಕ್ಕೆ ದಾಖಲೆ ಒದಗಿಸಲಾಗದೆ ನಿಜವಾದ ಬಡವರೇ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಇನ್ನು ಹಕ್ಕುಪತ್ರ ಬಂದರೂ ಅದನ್ನು ಮಾರುವಂತಿಲ್ಲ, ಮಕ್ಕಳಿಗೆ ಹೋಗುತ್ತದೆ ಅಷ್ಟೇ. ನಿಮಗೆ ಬರೆದುಕೊಡುವ ಸ್ಟಾಂಪ್ ಪೇಪರಿನಲ್ಲಿ ಮೀನು ಕಟ್ಟಿಕೊಂಡು ಹೋಗಬಹುದು.

ಇದರ ತಮ್ಮನಂಥ ಇನ್ನೊಂದಿದೆ, ಸೊಪ್ಪಿನ ಬೆಟ್ಟ. ಅಡಿಕೆ ತೋಟದ ಜೊತೆ ಎರಡು ಎಕರೆ ಬೆಟ್ಟವೂ ಬರುತ್ತದೆ ಅನ್ನುತ್ತಾರೆ. ಬೆಟ್ಟ ಅರಣ್ಯ ಇಲಾಖೆಯದ್ದು. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರುವ ಸೌಲಭ್ಯ ಮಾತ್ರ ತೋಟದವನದ್ದು. ಅದರ ಮೇಲೆ ಕಾಟೇಜು ಕಟ್ಟಲು ಬರುವುದಿಲ್ಲ.

ಗುಡ್ಡ ಕಡಿದು ಸಪಾಟು ಮಾಡಿ ಮನೆ ಕಟ್ಟುವ ಆಸೆಯಿರುವವರು 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಏನಾಯಿತು ಅಂತ ಒಮ್ಮೆ ನೆನೆಸಿಕೊಳ್ಳಿ. ಗುಡ್ಡ ಹೆದ್ದಾರಿಯ ಮೇಲೆ ಬಂದು ಗಂಗಾವಳಿ ನದಿಗೆ ಇಳಿಯಿತು. ಅಲ್ಲಿ ಚಹಾ ಅಂಗಡಿ ಇತ್ತು, ಸಂಸಾರ ಇತ್ತು. ಗೋಕರ್ಣದಿಂದ ಅದು ದೂರವೇನಲ್ಲ.

ಪ್ರಶ್ನೆ: ನಾನು ಗೋಕರ್ಣದವಳೇ, ಮದುವೆಯಾಗಿ ಶಿರಸಿಯಲ್ಲಿದ್ದೇನೆ. ಅಪ್ಪ 2001ರಲ್ಲಿ ತೀರಿಕೊಂಡರು. ಕಡಲ ಹತ್ತಿರ ನಮ್ಮ ಹಂಚಿನ ಮನೆ, ಹಿತ್ತಲು ಇದೆ. ಅಣ್ಣಂದಿರು ಅದನ್ನು ಹೊರಗಿನ ಒಬ್ಬರಿಗೆ ಹೋಮ್‌ಸ್ಟೇ, ಕೆಫೆ ಮಾಡಲು ಹನ್ನೊಂದು ವರ್ಷದ ಲೀಸಿಗೆ ಕೊಡುತ್ತೇವೆ ಅಂತಿದ್ದಾರೆ. ಅಮ್ಮ ಅಲ್ಲೇ ಒಂದು ಕೋಣೆಯಲ್ಲಿ ಇರಬೇಕಂತೆ. ನನ್ನ ಹತ್ತಿರ ಒಂದು ಸಹಿ ಹಾಕು ಅಂದರು. ಹಾಕಲಾ ಅಣ್ಣ?

ತಂಗಿ, ಸಹಿ ಹಾಕು ಅಂತ ಕೇಳಿದ್ದಾರೆ ಅಂದರೆ ನಿನ್ನ ಪಾಲು ಇದೆ ಅಂತ ಅವರಿಗೂ ಗೊತ್ತಿದೆ. ಅದು ಒಳ್ಳೆಯ ಸುದ್ದಿ.

ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯ ನಂತರ ಮಗಳೂ ಮಗನಷ್ಟೇ ಹಕ್ಕುದಾರಳು. ಅಪ್ಪ 2005ಕ್ಕಿಂತ ಮೊದಲೇ ತೀರಿದ್ದರೆ ಹೇಗೆ ಅಂತ ತುಂಬಾ ವರ್ಷ ಗೊಂದಲ ಇತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ಗೊಂದಲ ಬಗೆಹರಿಸಿತು, ಹಕ್ಕು ಹುಟ್ಟಿನಿಂದಲೇ ಬಂದದ್ದು, ಅಪ್ಪ ಆಗ ಬದುಕಿರಬೇಕು ಅಂತೇನಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪಾಲುಪತ್ರ ಆಗಿದ್ದರೆ ಕಥೆ ಬೇರೆ. ಅಪ್ಪನ ಸ್ವಂತ ಗಳಿಕೆಯಾಗಿದ್ದು ಅವರು ಉಯಿಲು ಬರೆದಿರದಿದ್ದರೆ ಅದರಲ್ಲೂ ಅಮ್ಮನಿಗೆ, ನಿನಗೆ, ಅಣ್ಣಂದಿರಿಗೆ ಸಮಪಾಲೇ.

ಯಾವ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ, ಪೂರ್ತಿ ಓದು. ಒಪ್ಪಿಗೆ ಪತ್ರ ಅಂತ ಮೇಲೆ ಬರೆದು ಮೂರನೇ ಪುಟದಲ್ಲಿ ಹಕ್ಕು ಬಿಡುಗಡೆ ಮಾಡಿದ್ದೇನೆ ಅಂತ ಸೇರಿಸಿದ ಕಾಗದ ನನ್ನ ಮೇಜಿಗೆ ಎಷ್ಟೋ ಬಂದಿವೆ. ಬರೆಯಲು ಬಂದ ಅಣ್ಣನ ಮುಖ, ಹೊರಗೆ ಬೆಂಚಿನ ಮೇಲೆ ಮಗು ಆಡಿಸುತ್ತಾ ಕೂತ ತಂಗಿ. ಅವಳನ್ನು ಒಳಗೆ ಕರೆದು ಓದಿ ಹೇಳಿದರೆ ಅಣ್ಣನಿಗೆ ನನ್ನ ಮೇಲೆ ಸಿಟ್ಟು. ಹಾಗೆ ಒಂದೆರಡು ಗಿರಾಕಿ ಕಳೆದುಕೊಂಡಿದ್ದೇನೆ, ಹೋಗಲಿ.

ಲೀಸು ಕೊಡುವುದು ತಪ್ಪಲ್ಲ. ಮಾರುವುದಕ್ಕಿಂತ ಸಾವಿರ ಪಾಲು ವಾಸಿ, ಜಾಗ ಮನೆಯಲ್ಲೇ ಉಳಿಯುತ್ತದೆ. ಆದರೆ ಒಂದು ವರ್ಷಕ್ಕಿಂತ ಜಾಸ್ತಿಯ ಲೀಸು ನೋಂದಣಿ ಆಗಲೇಬೇಕು. ಹನ್ನೊಂದು ವರ್ಷ ಅಂತ ಬಿಳಿ ಹಾಳೆ ಮೇಲೆ ಬರೆದುಕೊಂಡರೆ ನಾಳೆ ಜಗಳವಾದಾಗ ಕೋರ್ಟಿನಲ್ಲಿ ಅದಕ್ಕೆ ಬೆಲೆ ಇಲ್ಲ. ಬಾಡಿಗೆ ಯಾರ ಖಾತೆಗೆ ಎಷ್ಟು ಅಂತ ಅದರಲ್ಲೇ ಬರೆಸು. ಅಮ್ಮನಿಗೆ ಕೋಣೆ, ಅಡುಗೆಮನೆ, ಬಾವಿ, ತುಳಸಿಕಟ್ಟೆ, ಅಲ್ಲಿಗೆ ಹೋಗಿ ಬರುವ ದಾರಿ ಅಂತ ಒಂದೊಂದಾಗಿ ಬರೆಸು. "ಅಮ್ಮ ಇರುತ್ತಾರೆ" ಅಂತ ಒಂದು ಸಾಲು ಬರೆದರೆ ಸಾಲುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಜಗಲಿಯಲ್ಲಿ ಸ್ಪೀಕರ್ ಹಾಕಿ ಇಪ್ಪತ್ತು ಜನ ಕೂತರೆ ಎಪ್ಪತ್ತೈದು ವರ್ಷದ ಹೆಂಗಸು ಎಲ್ಲಿ ಮಲಗಬೇಕು? ಲೀಸು ಮುಗಿದ ಮೇಲೆ ಅವರು ಕಟ್ಟಿದ ಶೆಡ್ಡು, ಶೌಚಾಲಯ ಯಾರದ್ದು, ಕೆಡವುವ ಖರ್ಚು ಯಾರದ್ದು ಅದೂ ಇರಲಿ. ಸಿಆರ್‌ಝಡ್ ಒಳಗೆ ಅವರು ಏನಾದರೂ ಕಟ್ಟಿದರೆ ನೋಟಿಸ್ ಬರುವುದು ಪಹಣಿಯಲ್ಲೋ ಖಾತೆಯಲ್ಲೋ ಹೆಸರಿದ್ದವರಿಗೆ, ಲೀಸು ಹಿಡಿದವನು ಬ್ಯಾಗ್ ಹಾಕಿಕೊಂಡು ಹೋಗುತ್ತಾನೆ.

ಹೋಮ್‌ಸ್ಟೇ ಅಂದರೆ ಮನೆಯವರು ಅಲ್ಲೇ ಇದ್ದು ನಡೆಸುವುದು. ಹೊರಗಿನವರು ಪೂರ್ತಿ ಮನೆ ಹಿಡಿದು ನಡೆಸಿದರೆ ಅದು ಲಾಡ್ಜು. ಬಹುಶಃ ಅಮ್ಮನನ್ನು ಒಂದು ಕೋಣೆಯಲ್ಲಿ ಇಟ್ಟುಕೊಳ್ಳುವುದು ಯಾಕೆ ಅಂತ ಈಗ ನಿನಗೂ ಹೊಳೆದಿರಬೇಕು. ವಿದೇಶದವರು ಬಂದು ಉಳಿದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಸರ್ಕಾರಕ್ಕೆ ಕೊಡಬೇಕು. ಅದನ್ನು ಮಾಡದಿದ್ದರೆ ಪೊಲೀಸರು ಅಮ್ಮನನ್ನೇ ಕೇಳುತ್ತಾರೆ.

ಅಣ್ಣಂದಿರ ಜೊತೆ ಕೂತು ಮಾತಾಡು, ಬಾಯಿ ಮಾಡಬೇಡ. ನೋಂದಣಿ ಆದ ಲೀಸು, ಪಾಲಿನ ಪ್ರಕಾರ ಬಾಡಿಗೆ, ಅಮ್ಮನ ಕೋಣೆ, ಇಷ್ಟಕ್ಕೆ ಒಪ್ಪಿದರೆ ಸಹಿ ಹಾಕು.

ಪ್ರಶ್ನೆ: ನಾವು ಮೀನುಗಾರರು. ನಮ್ಮ ಕೇರಿಯಿಂದ ಬೇಲೆಗೆ (ಕಡಲ ದಂಡೆಗೆ) ಹೋಗುವ ಕಾಲುದಾರಿ ಅಜ್ಜನ ಕಾಲದ್ದು. ಅದರಲ್ಲೇ ಬಲೆ ಹೊತ್ತುಕೊಂಡು ಹೋಗುತ್ತಿದ್ದೆವು. ಎಡಬಲದ ಜಾಗ ಕೊಂಡವರು ಈಗ ಚಿರೆಕಲ್ಲಿನ ಕಂಪೌಂಡ್ ಕಟ್ಟಿ ಗೇಟ್ ಹಾಕಿದ್ದಾರೆ. ಸುತ್ತಿ ಹೋದರೆ ಮುಕ್ಕಾಲು ಕಿಲೋಮೀಟರ್. ಕೇಳಿದರೆ ನಮ್ಮ ಕ್ರಯಪತ್ರದಲ್ಲಿ ದಾರಿ ಇಲ್ಲ ಅನ್ನುತ್ತಾರೆ.

ಅವರ ಕ್ರಯಪತ್ರದಲ್ಲಿ ಇಲ್ಲದಿರಬಹುದು. ಮಾರಿದವನು ಬೇಕಂತಲೇ ಬಿಟ್ಟಿರುತ್ತಾನೆ, ದಾರಿ ಇದೆ ಅಂದರೆ ರೇಟು ಇಳಿಯುತ್ತದಲ್ಲ. ಹಾಗಂತ ದಾರಿ ಮಾಯವಾಗುವುದಿಲ್ಲ.

ಮೊದಲು ಸರ್ವೆ ಕಚೇರಿಯಿಂದ ಗ್ರಾಮ ನಕಾಶೆ ತೆಗೆಸಿ. ಹಳೆಯ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿ ಚುಕ್ಕೆ ಗೆರೆಯಲ್ಲಿ ಇರುತ್ತವೆ. ಅಲ್ಲಿ ನಿಮ್ಮ ದಾರಿ ಕಂಡರೆ ಅರ್ಧ ಕೆಲಸ ಆಯಿತು, ತಹಶೀಲ್ದಾರರಿಗೆ ಅರ್ಜಿ ಕೊಡಿ. ನಕಾಶೆಯಲ್ಲಿ ಇಲ್ಲದಿದ್ದರೂ ದಾರಿ ಹಕ್ಕು ಇದೆ. 1882ರ ಈಸ್‌ಮೆಂಟ್ ಕಾಯ್ದೆ ಅಂತ ಒಂದಿದೆ, ಹಳೆಯದಾದರೂ ಗಟ್ಟಿ. ಇಪ್ಪತ್ತು ವರ್ಷ ಯಾರ ಅಡ್ಡಿಯೂ ಇಲ್ಲದೆ, ಕದ್ದುಮುಚ್ಚಿ ಅಲ್ಲದೆ, ಹಕ್ಕಿನಿಂದ ಒಂದು ದಾರಿಯಲ್ಲಿ ಓಡಾಡಿದ್ದರೆ ಆ ದಾರಿಯ ಹಕ್ಕು ನಿಮ್ಮದು. ಒಂದೇ ಎಚ್ಚರ: ದಾರಿ ಮುಚ್ಚಿದ ಎರಡು ವರ್ಷದೊಳಗೆ ದಾವೆ ಹಾಕಬೇಕು. ಮುಂದಿನ ಸುಗ್ಗಿ ಕಳೆಯಲಿ, ಆಮೇಲೆ ನೋಡೋಣ ಅಂತ ಕೂತು ಹಕ್ಕು ಕಳೆದುಕೊಂಡವರಿದ್ದಾರೆ. ಗೇಟ್ ಹಾಕಿದ ದಿನದ ಫೋಟೋ ಯಾರ ಮೊಬೈಲಿನಲ್ಲಾದರೂ ಇರುತ್ತದೆ, ಹುಡುಕಿ ಇಟ್ಟುಕೊಳ್ಳಿ. ಆ ದಾರಿಯಲ್ಲಿ ನಡೆದ ಮೂರು ಮಂದಿ ಹಿರಿಯರ ಹೇಳಿಕೆ ಬರೆಸಿ, ಅವರು ಗಟ್ಟಿಮುಟ್ಟಾಗಿರುವಾಗಲೇ.

ಆ ಕಂಪೌಂಡು ಭರತದ ಗೆರೆಯಿಂದ ಎಷ್ಟು ದೂರದಲ್ಲಿದೆ ಅದನ್ನೂ ಅಳೆಯಿರಿ. ಸಿಆರ್‌ಝಡ್ ಒಳಗೆ ಒಪ್ಪಿಗೆಯಿಲ್ಲದೆ ಕಟ್ಟಿದ್ದರೆ ಅದು ಬೇರೆಯದೇ ದೂರು, ನಿಮ್ಮ ದಾರಿಯ ಜಗಳಕ್ಕಿಂತ ಅದಕ್ಕೆ ಅವರು ಬೇಗ ಹೆದರುತ್ತಾರೆ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ. ಕೊಂಡವರು ಊರಿಗೆ ಬಂದಾಗ ಕೇರಿಯ ನಾಲ್ಕು ಜನ ಬಲೆ ಸಮೇತ ಹೋಗಿ. ಇದೇ ಥರದ ಒಂದು ಜಗಳದಲ್ಲಿ ನಾನೂ ನಡುವೆ ಕೂತಿದ್ದೆ. ಕೊಂಡವರು ಮೈಸೂರಿನ ಕಡೆಯ ನಿವೃತ್ತ ದಂಪತಿ. ದಾರಿ ಬಿಟ್ಟರೆ ರಾತ್ರಿ ಕುಡಿದವರು ಒಳಗೆ ಬರುತ್ತಾರೆ ಅನ್ನುವುದು ಅವರ ಭಯ. ಮೀನುಗಾರರದ್ದಲ್ಲ, ಪ್ರವಾಸಿಗರದ್ದು. ಮೀನುಗಾರರಿಗೂ ಅದೇ ತಲೆನೋವು. ಕೊನೆಗೆ ಆರು ಅಡಿ ದಾರಿ ಬಿಟ್ಟು ಕಂಪೌಂಡ್ ಒಳಗೆ ಸರಿಸಿದರು, ದಾರಿಗೆ ಒಂದು ಲೈಟು ಹಾಕಿದರು, ದಾರಿ ಹಕ್ಕಿನ ಒಂದು ಪತ್ರ ನಾನೇ ಬರೆದೆ, ನೋಂದಣಿಯೂ ಆಯಿತು. ಆ ವರ್ಷ ರಂಪಣಿ, ಅಂದರೆ ದಂಡೆಯಿಂದ ಎಲ್ಲರೂ ಸೇರಿ ಎಳೆಯುವ ದೊಡ್ಡ ಬಲೆ, ಎಳೆಯುವ ದಿನ ಆ ಯಜಮಾನರು ತಾವೂ ಹೋಗಿ ಹಗ್ಗ ಹಿಡಿದರು. ಪಾಲಿಗೆ ಸಿಕ್ಕ ಬಂಗಡೆ ಏನು ಮಾಡಬೇಕು ಅಂತ ಮಾತ್ರ ಗೊತ್ತಾಗಲಿಲ್ಲ, ಮನೆಯಲ್ಲಿ ಮೊಟ್ಟೆಯೂ ತಿನ್ನುವವರಿರಲಿಲ್ಲ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ, ಊರು ಹೊನ್ನಾವರ. ಗೋಕರ್ಣದ ಕಡೆ ಅರ್ಧ ಎಕರೆ ತೋಟ ಕೊಳ್ಳಬೇಕು ಅಂತಿದೆ. ಇಲ್ಲಿಂದಲೇ ಪವರ್ ಆಫ್ ಅಟಾರ್ನಿ ಕಳಿಸಿದರೆ ಆಗುತ್ತಾ?

ಪವರ್ ಆಫ್ ಅಟಾರ್ನಿ ಆಮೇಲಿನ ಮಾತು. ಎನ್‌ಆರ್‌ಐ ಆಗಿರುವಾಗ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ಫೆಮಾ, ಅಂದರೆ ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ, ಬಿಡುವುದಿಲ್ಲ. ರಾಜ್ಯದ 2020ರ ತಿದ್ದುಪಡಿ ಬಂದರೂ ಇದು ಬದಲಾಗಿಲ್ಲ, ಅದು ಬೇರೆ ಕಾನೂನು. ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಎನ್‌ಎ ಆದ ಸೈಟು, ಮನೆ, ಅಂಗಡಿ ಕೊಳ್ಳಬಹುದು. ಅಮ್ಮನ ಹೆಸರಲ್ಲಿ ಕೊಂಡು, ನಿಜವಾಗಿ ನನ್ನದು ಅಂತ ಇನ್ನೊಂದು ಗುಟ್ಟಿನ ಕಾಗದ ಮಾಡಿಟ್ಟುಕೊಳ್ಳುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಫೋನ್ ಇಡಿ, ಅದು ಬೇನಾಮಿ. ಕೆಲಸ ಬಿಟ್ಟು ಪೂರ್ತಿ ಊರಿಗೆ ಬಂದ ಮೇಲೆ ತಗೊಳ್ಳಿ. ತೋಟ ನೋಡಿಕೊಳ್ಳಲು ಹೇಗೂ ಮನುಷ್ಯ ಬೇಕಲ್ಲ.

ಇದೇ ಥರ ಇನ್ನೊಬ್ಬರು, ಒಂದು ರೆಸಾರ್ಟಿನಲ್ಲಿ ಪಾಲು ಕೊಡುತ್ತಾರೆ, ತಿಂಗಳು ತಿಂಗಳು ಇಷ್ಟು ಬರುತ್ತದೆ ಅಂತ ಬರೆದಿದ್ದಾರೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನಂಬರು ಕೇಳಿ. ಜಾಗ 500 ಚದರ ಮೀಟರಿಗಿಂತ ಜಾಸ್ತಿ ಇದ್ದು, ಮನೆಗಳೂ ಎಂಟಕ್ಕಿಂತ ಜಾಸ್ತಿ ಇದ್ದರೆ ಮಾರುವ ಮೊದಲೇ ರೇರಾದಲ್ಲಿ ನೋಂದಣಿ ಆಗಬೇಕು. ನಂಬರು ಕೊಡದೆ ವಿಡಿಯೊ ಕಳಿಸಿದರೆ ಡಿಲೀಟ್ ಮಾಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಗೋಕರ್ಣದ ಪಕ್ಕದ ಹಳ್ಳಿಯಲ್ಲಿ ಮನೆ ಕೊಂಡು ಪೂರ್ತಿ ಇಲ್ಲೇ ಬಂದುಬಿಟ್ಟಿದ್ದೇವೆ. ಜಾಗ ಚೆನ್ನಾಗಿದೆ. ಆದರೆ ಏಪ್ರಿಲ್, ಮೇಯಲ್ಲಿ ಒಣಮೀನಿನ ವಾಸನೆ ತಡೆಯಲಾಗುವುದಿಲ್ಲ. ಯಕ್ಷಗಾನದ ಮೈಕು ಬೆಳಗಿನವರೆಗೆ. ಒಂದು ಸಲ ಪಂಚಾಯ್ತಿಗೆ ದೂರು ಕೊಟ್ಟೆವು. ಆಮೇಲಿಂದ ಯಾರೂ ಮಾತಾಡಿಸುವುದಿಲ್ಲ. ನಾವೇನು ತಪ್ಪು ಮಾಡಿದೆವು?

ದೂರನ್ನು ಯಾರ ಮೇಲೆ ಕೊಟ್ಟಿರಿ ಅಂತ ಯೋಚಿಸಿದ್ದೀರಾ? ಏಪ್ರಿಲ್, ಮೇಯಲ್ಲಿ ಮೀನು ಒಣಗಿಸದಿದ್ದರೆ ಅವರು ಮಳೆಗಾಲದಲ್ಲಿ ಏನು ತಿನ್ನಬೇಕು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ನೀರಿಗೆ ಇಳಿಯುವಂತಿಲ್ಲ. ಸಣ್ಣ ದೋಣಿಯವರಿಗೂ ಆ ಕಡಲಿಗೆ ಇಳಿಯುವುದು ಕಷ್ಟ. ನೀವು ತಿಂಗಳ ಸಾಮಾನು ತಂದು ಡಬ್ಬಿ ತುಂಬಿಡುತ್ತೀರಲ್ಲ, ಇದೂ ಹಾಗೆಯೇ. ವಾಸನೆ ಇದೆ, ಇಲ್ಲ ಅನ್ನುವುದಿಲ್ಲ. ನನಗೆ ಅದು ರಜೆಯ ವಾಸನೆ. ನಿಮಗೆ ಹಾಗಲ್ಲ, ಆಗಬೇಕು ಅಂತಲೂ ಇಲ್ಲ.

ಮೈಕಿನ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ತಪ್ಪಲ್ಲ. ರಾತ್ರಿ ಹತ್ತರ ನಿಯಮ ಎಲ್ಲರಿಗೂ ಒಂದೇ. ಆದರೆ ವರ್ಷಕ್ಕೆ ಎರಡು ಯಕ್ಷಗಾನದ ಆಟ, ಒಂದು ಬಂಡಿಹಬ್ಬ, ಅಂದರೆ ಊರ ದೇವಿಯ ಹಬ್ಬ. ಆ ದಿನ ನಿದ್ದೆ ಬರುವುದಿಲ್ಲ ಅಂತಾದರೆ ಎದ್ದು ಹೋಗಿ, ಕಲಾವಿದರು ವೇಷ ಕಟ್ಟುವ ಚೌಕಿಯ ಪಕ್ಕ ಕೂರಬಹುದಿತ್ತು. ಬಣ್ಣ ಹಚ್ಚುವುದನ್ನು ನೋಡುವುದೇ ಒಂದು ಆಟ. ಪಕ್ಕದ ರೆಸಾರ್ಟಿನಲ್ಲಿ ವಾರ ವಾರ ಡಿಜೆ ಹಾಕಿದಾಗ ದೂರು ಕೊಡದೆ, ಊರಿನ ಆಟಕ್ಕೆ ಕೊಟ್ಟಿರಿ ಅನ್ನುವುದು ಅವರ ಸಿಟ್ಟಿರಬೇಕು. ನೀವು ಬರೆದಿಲ್ಲ, ನನ್ನ ಊಹೆ.

ನನಗೆ ಇನ್ನೊಂದು ಅನುಮಾನ ಇದೆ. ಹೋಳಿಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರು ಸುಗ್ಗಿ ಕುಣಿಯುತ್ತಾ ಮನೆ ಮನೆಗೆ ಬರುತ್ತಾರೆ, ತಲೆಯ ಮೇಲೆ ಬಣ್ಣದ ತುರಾಯಿ, ಗುಮಟೆ ವಾದ್ಯದ ಸದ್ದು ಅರ್ಧ ಮೈಲಿಯಿಂದಲೇ ಕೇಳುತ್ತದೆ. ಮನೆಯವರು ಅಂಗಳದಲ್ಲಿ ದೀಪ ಇಟ್ಟು, ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಆ ದಿನ ನಿಮ್ಮ ಗೇಟಿಗೆ ಬೀಗ ಇತ್ತಾ? ಇದ್ದರೆ ಅವರು ಮುಂದೆ ಹೋಗಿರುತ್ತಾರೆ. ಯಾರೂ ಬೈದಿರುವುದಿಲ್ಲ. ಆದರೆ ಆ ಮನೆಯವರು ಹೊರಗಿನವರು ಅಂತ ಅವತ್ತು ಲೆಕ್ಕಕ್ಕೆ ಬರೆದುಕೊಂಡಿರುತ್ತಾರೆ.

ಈಗ ಏನು ಮಾಡಬೇಕು ಅಂದರೆ, ದೊಡ್ಡದೇನೂ ಬೇಡ. ಊರಿಗೆ ಒಳ್ಳೆಯದು ಮಾಡುತ್ತೇವೆ ಅಂತ ಬೀಚ್ ಕ್ಲೀನಿಂಗ್ ಮಾಡಿ ಟೀ ಶರ್ಟ್ ಹಂಚಬೇಡಿ, ಅದನ್ನು ಎಲ್ಲರೂ ಮಾಡುತ್ತಾರೆ. ತರಕಾರಿ ಆನ್‌ಲೈನ್‌ನಲ್ಲಿ ತರಿಸುವುದು ಬಿಟ್ಟು ರಥಬೀದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹಾಲಕ್ಕಿ ಹೆಂಗಸರ ಹತ್ತಿರ ತಗೊಳ್ಳಿ. ಹರಿವೆ, ಬದನೆ, ಗೆಣಸು ಅವರೇ ಮರಳು ನೆಲದಲ್ಲಿ ಕೊಡದಲ್ಲಿ ನೀರು ಹೊತ್ತು ಬೆಳೆದದ್ದು. ಎರಡು ವಾರ ಹೋದರೆ ಮೂರನೇ ವಾರ ನಿಮಗೆ ಅಂತ ಒಂದು ಕಟ್ಟು ತೆಗೆದಿಟ್ಟಿರುತ್ತಾರೆ. ಮೇಯಲ್ಲಿ ಕುಮಟಾ ಈರುಳ್ಳಿಯ ನಾಲ್ಕು ಜಡೆ ಒಟ್ಟಿಗೆ ತಂದು ಎರಡು ಜಡೆ ಪಕ್ಕದ ಮನೆಗೆ ಕೊಡಿ, ಅವರು ಮಾವಿನ ಹಣ್ಣು ಕೊಡುತ್ತಾರೆ, ಪಾತ್ರೆ ಖಾಲಿ ವಾಪಸ್ ಕೊಡಬೇಡಿ. ಬಂಡಿಹಬ್ಬದ ವಂತಿಗೆಗೆ ಬಂದಾಗ ರಸೀದಿ ಎಲ್ಲಿ ಅಂತ ಕೇಳುವ ಮೊದಲು ಒಳಗೆ ಕೂರಿಸಿ ಚಹಾ ಕೊಡಿ. ರಸೀದಿ ಅವರೇ ಕೊಡುತ್ತಾರೆ. ಮುಂದಿನ ಸುಗ್ಗಿಗೆ ಬೀಗ ತೆಗೆದಿಡಿ.

ಪ್ರಶ್ನೆ: ಮನೆಗೆ ಹಾಕಿದ ಕಬ್ಬಿಣದ ಗ್ರಿಲ್, ಗೇಟು, ಬೀಗ ಎಲ್ಲ ಒಂದೇ ವರ್ಷಕ್ಕೆ ತುಕ್ಕು. ಪೇಂಟ್ ಮಾಡಿಸಿದರೂ ಅಷ್ಟೇ. ಕಂಟ್ರಾಕ್ಟರ್ ಮೋಸ ಮಾಡಿದನಾ?

ಮಾಡಿಲ್ಲ, ಕಡಲ ಗಾಳಿ. ಕಡಲಿಗೆ ಹತ್ತಿರ ಇದ್ದಷ್ಟೂ ಬೇಗ. ಕಿಟಕಿಗೆ ಮರದ ಸರಳು ಹಾಕಿಸಿ, ಹೆಬ್ಬಲಸು ಸಿಕ್ಕರೆ ಒಳ್ಳೆಯದು, ಹಳೆಯ ಮನೆ ಕೆಡವುವ ಕಡೆ ವಿಚಾರಿಸಿ. ಗೇಟನ್ನೂ ಮರದ್ದೇ ಮಾಡಿಸಬಹುದು. ಕಾಂಕ್ರೀಟು ಕಟ್ಟುವಾಗ ಮಾತ್ರ ದಂಡೆಯ ಉಪ್ಪು ಮರಳು ಒಂದು ಬುಟ್ಟಿಯೂ ಬೀಳದಂತೆ ಪಕ್ಕದಲ್ಲೇ ನಿಂತು ನೋಡಿ, ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿದರೆ ಚಾವಣಿಯೇ ಸೀಳುತ್ತದೆ. ಬೀಗ ಹಿತ್ತಾಳೆಯದ್ದು ತಗೊಳ್ಳಿ. ಊರಿಗೆ ಹೋಗುವಾಗ ಬೀಗದ ತೂತಿಗೆ ಎರಡು ಹನಿ ಎಣ್ಣೆ ಬಿಟ್ಟು, ಮೇಲಿಂದ ಪ್ಲಾಸ್ಟಿಕ್ ಚೀಲ ಕಟ್ಟಿ. ಒಂದು ಕೀಲಿ ಪಕ್ಕದ ಮನೆಯಲ್ಲಿ ಕೊಟ್ಟಿರಿ, ವಾರಕ್ಕೊಮ್ಮೆ ತೆಗೆದು ಹಾಕುತ್ತಾರೆ.